ಟಕ್ ಟೀಚರ್ ಮತ್ತು ಉಸಿರಾಡದ ಪಾಠ

ನಮ್ಮ ಅತ್ತೆಗೆ, ಅಂದರೆ ಅಪ್ಪನ ಅಕ್ಕನಿಗೆ, ಮಾತು ಬರುವುದಿಲ್ಲ. ಮೊದಲು ಬರುತ್ತಿತ್ತು. ಮೂರು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆಯಿತು, ಅಲ್ಲಿಗೆ ದನಿ ಹೋಯಿತು. ಈಗ ಉಸಿರಾಡುವುದೂ ಕತ್ತಿನಲ್ಲಿರುವ ಒಂದು ಸಣ್ಣ ತೂತಿನಿಂದ. ಅದರ ಮುಂದೆ ತೆಳ್ಳನೆಯ ಬಿಳಿ ಬಟ್ಟೆ ಕಟ್ಟಿಕೊಂಡಿರುತ್ತಾರೆ. ಅದಕ್ಕೂ ಮೊದಲು ಹದಿನೆಂಟು ವರ್ಷ ಶಾಲೆಯಲ್ಲಿ ಲೆಕ್ಕದ ಟೀಚರ್. ನಾನೂ ಅವರ ಕ್ಲಾಸಿನಲ್ಲೇ ಕೂತು ಕಲಿತವಳು. ಅತ್ತೆ ಅಂದರೆ ನನಗೆ ಪ್ರಾಣ, ಇದರಲ್ಲಿ ಮುಚ್ಚುಮರೆ ಏನಿಲ್ಲ.

ಈಗ ಅವರ ಕೆಲಸ ಲೈಬ್ರರಿಯಲ್ಲಿ. ಆರು, ಏಳು, ಎಂಟನೇ ತರಗತಿಯ ಮಕ್ಕಳು ಶಾಲೆ ಬಿಟ್ಟ ಮೇಲೆ ಅಲ್ಲಿಗೆ ಬಂದು ಹೋಮ್‌ವರ್ಕ್ ಮಾಡುತ್ತಾರೆ. ಲೆಕ್ಕ ತಲೆಗೆ ಹತ್ತದಿದ್ದರೆ ನೋಡಿಕೊಳ್ಳಲಿ ಎಂದು ಅಲ್ಲಿ ಪಾಠದ ವಿಡಿಯೊಗಳ ಒಂದು ಪಟ್ಟಿ ಇದೆ. ಇಂಟರ್ನೆಟ್ಟಿನಲ್ಲಿ ಸಿಗುವ ಸಾವಿರಾರು ವಿಡಿಯೊಗಳಲ್ಲಿ ಯಾವುದು ಪಟ್ಟಿಗೆ ಸೇರಬೇಕು, ಯಾವುದು ಬೇಡ ಎಂದು ತೀರ್ಮಾನ ಮಾಡುವವರು ಅತ್ತೆ. ಮಕ್ಕಳ ಜೊತೆ ಮಾತುಕತೆ ಸ್ಲೇಟಿನಲ್ಲಿ, ಇಲ್ಲವೇ ಮೇಜಿನ ಮೇಲೆ ಬೆರಳಿನಲ್ಲಿ. ಒಂದು ಟಕ್ ಅಂದರೆ ಸರಿ. ಎರಡು ಟಕ್ ಅಂದರೆ ಇನ್ನೊಂದು ಸಲ ಮಾಡು. ಮೂರು ಟಕ್ ಅಂದರೆ ಹರಟೆ ಸಾಕು. ಹಾಗಾಗಿ ಮಕ್ಕಳ ಬಾಯಲ್ಲಿ ಅವರು ಟಕ್ ಟೀಚರ್.

ಒಂದೊಂದು ವಿಡಿಯೊವನ್ನೂ ಅತ್ತೆ ಮೂರು ಸಲ ನೋಡುತ್ತಾರೆ. ಮೊದಲ ಸಲ ಶಬ್ದ ಇಲ್ಲದೆ, ಬೋರ್ಡಿನ ಮೇಲಿನ ಲೆಕ್ಕ ಸರಿಯಿದೆಯೇ ಎಂದು. ಎರಡನೇ ಸಲ ಕಣ್ಣು ಮುಚ್ಚಿಕೊಂಡು, ಏಕೆಂದರೆ ಅರ್ಧ ಮಕ್ಕಳು ಇಯರ್‌ಫೋನ್ ಸಿಕ್ಕಿಸಿಕೊಂಡು ನೋಟ್‌ಬುಕ್ಕನ್ನೇ ನೋಡುತ್ತಿರುತ್ತಾರೆ, ಪರದೆಯನ್ನಲ್ಲ. ಮೂರನೇ ಸಲ ಪೆನ್ಸಿಲ್ ಹಿಡಿದು, ತಾವೇ ಏಳನೇ ತರಗತಿಯಲ್ಲಿ ಕೂತವರ ಹಾಗೆ. ಮೂರೂ ಆದರೆ ಆ ವಿಡಿಯೊದ ಹೆಸರು ಬರೆದ ಕಾರ್ಡಿನಲ್ಲಿ ಮೂರು ಗೆರೆ. ಆಮೇಲೆ ಪಟ್ಟಿಗೆ.

ಆ ಸೋಮವಾರ ಮಾತ್ರ ಅತ್ತೆ ಒಂದೇ ಗೆರೆಗೆ ಕಾರ್ಡು ಕೊಟ್ಟುಬಿಟ್ಟರು. ಭಿನ್ನರಾಶಿಗಳ ಭಾಗಾಕಾರದ ಪಾಠ ಅದು. ಶಾಲೆಯಲ್ಲಿ ಅದೇ ಪಾಠ ಶುರುವಾಗಿತ್ತು, ಲೈಬ್ರೇರಿಯನ್ ಬೆಳಗಿನಿಂದ ಪಟ್ಟಿ ಪಟ್ಟಿ ಎಂದು ತಲೆ ತಿನ್ನುತ್ತಿದ್ದರು, ವಿಡಿಯೊದಲ್ಲಿ ಬರೆಯುತ್ತಿದ್ದ ಕೈ ಒಂದು ಅಂಕಿಯನ್ನೂ ತಪ್ಪಿರಲಿಲ್ಲ. ಉಳಿದೆರಡು ಸಲ ನಾಳೆ ನೋಡಿದರಾಯಿತು ಅಂದುಕೊಂಡರು.

ಮಾರನೇ ದಿನ ಸಂಜೆ ಏಳು ಮಕ್ಕಳು ನೋಟ್‌ಬುಕ್ ತಂದು ಮುಂದಿಟ್ಟರು. ಮುಕ್ಕಾಲನ್ನು ಅರ್ಧದಿಂದ ಭಾಗಿಸಿದರೆ ಒಂದೂವರೆ, ಅಂದರೆ ಎರಡನೇ ಮೂರು ಬರಬೇಕು. ಏಳೂ ಪುಸ್ತಕದಲ್ಲಿ ಮೂರನೇ ಎರಡು ಬಂದಿತ್ತು. ಮುಂದಿನ ಲೆಕ್ಕವೂ ಹಾಗೆ, ಅದರ ಮುಂದಿನದೂ ಹಾಗೆ. ಕೆಳಗಿರಬೇಕಾದದ್ದು ಮೇಲೆ, ಮೇಲಿರಬೇಕಾದದ್ದು ಕೆಳಗೆ. ಏಳು ಬೇರೆ ಬೇರೆ ಅಕ್ಷರ, ಒಂದೇ ತಪ್ಪು.

ಅತ್ತೆ ಎರಡು ಸಲ ಟಕ್ ಎಂದು ತಟ್ಟಿದರು. ಯಾರೂ ರಬ್ಬರ್ ಎತ್ತಿಕೊಳ್ಳಲಿಲ್ಲ. ಎಂಟನೇ ತರಗತಿಯ ಒಬ್ಬಳಿದ್ದಾಳೆ, ಎಲ್ಲದಕ್ಕೂ ಮೊದಲು ಬಾಯಿ ಹಾಕುವವಳು, ನಾವು ಚೂಟಿ ಎನ್ನುತ್ತೇವೆ. ಐದನೇ ತರಗತಿಯಲ್ಲಿ ಅವಳು ಅತ್ತೆಯ ಕ್ಲಾಸಿನಲ್ಲೇ ಇದ್ದಳು. ಅವಳೇ ಹೇಳಿದಳು.

"ಮೊದಲನೇದನ್ನ ತಲೆಕೆಳಗು ಮಾಡಿ ಅಂತ ನೀವೇ ಹೇಳಿದ್ರಲ್ಲ ಟೀಚರ್."

ಅತ್ತೆ ಸ್ಲೇಟಿನಲ್ಲಿ ಬರೆದರು: "ನಾನು ಯಾವಾಗ ಹೇಳ್ದೆ?"

"ನಿನ್ನೆ. ವಿಡಿಯೊದಲ್ಲಿ."

ಮಕ್ಕಳು ನಗಲಿಲ್ಲ. ಅತ್ತೆ ಚೂಟಿಯ ಇಯರ್‌ಫೋನ್ ತೆಗೆದುಕೊಂಡು ಕಿವಿಗಿಟ್ಟುಕೊಂಡರು, ಕಣ್ಣು ಮುಚ್ಚಿದರು. ನಾನು ಪಕ್ಕದಲ್ಲೇ ಇದ್ದೆ. ಕತ್ತಿನ ಬಟ್ಟೆ ಒಳಕ್ಕೆ ಹೋಗಿ ಅಂಟಿಕೊಂಡಿತು, ಎಷ್ಟೋ ಹೊತ್ತು ಹೊರಗೆ ಬರಲಿಲ್ಲ. ಆಮೇಲೆ ಒಂದು ಇಯರ್‌ಫೋನ್ ನನಗೆ ಕೊಟ್ಟರು.

ಅತ್ತೆಯದೇ ದನಿ. ಅದೇ "ಬನ್ನಿ", ಅದೇ "ತುಂಬಾ ಸುಲಭ, ಹೆದ್ರಬೇಡಿ". ಮೂರು ವರ್ಷದಿಂದ ನಾನು ಕನಸಿನಲ್ಲೂ ಸರಿಯಾಗಿ ನೆನಪು ಮಾಡಿಕೊಳ್ಳಲಾಗದೆ ಒದ್ದಾಡುತ್ತಿದ್ದ ದನಿ ಕಿವಿಯೊಳಗೇ ಕೂತು ಮಾತಾಡುತ್ತಿತ್ತು. ಬೋರ್ಡಿನ ಮೇಲೆ ಕೈ ಸರಿಯಾಗಿ ಎರಡನೇ ಭಿನ್ನರಾಶಿಯನ್ನು ತಿರುಗಿಸುತ್ತಿತ್ತು. ದನಿ ಮಾತ್ರ ಮೊದಲನೆಯದನ್ನು ತಿರುಗಿಸಿ ಎನ್ನುತ್ತಿತ್ತು.

ಅತ್ತೆ ಬರೆದರು: "ಈ ಪಾಠ ನಾನು ಯಾವತ್ತೂ ರೆಕಾರ್ಡ್ ಮಾಡಿಲ್ಲ."

ಹಿಂದೊಮ್ಮೆ ಶಾಲೆಗಳೆಲ್ಲ ತಿಂಗಳುಗಟ್ಟಲೆ ಮುಚ್ಚಿದ್ದಾಗ ಅತ್ತೆ ಖಾಲಿ ಸ್ಟಾಫ್ ರೂಮಿನಲ್ಲಿ ಒಬ್ಬರೇ ಕೂತು ನಲವತ್ತು ಪಾಠ ರೆಕಾರ್ಡ್ ಮಾಡಿದ್ದರು. ಆ ಶಾಲೆ ಈಗ ಇಲ್ಲ, ಮಕ್ಕಳೆಲ್ಲ ಬೇರೆ ಶಾಲೆ ಸೇರಿದ್ದಾರೆ. ರೆಕಾರ್ಡಿಂಗ್ ಯಾರ ಕೈ ಸೇರಿತೋ ಗೊತ್ತಿಲ್ಲ. ವಿಡಿಯೊ ಮಾಡಿದವರಿಗೆ ಅತ್ತೆ ಅವತ್ತೇ ಬರೆದರು: ಮೂರನೇ ನಿಮಿಷದಲ್ಲಿ ತಪ್ಪಿದೆ, ಮತ್ತೆ ಈ ದನಿ ಯಾರದ್ದು? ಬೆಳಿಗ್ಗೆ ಉತ್ತರ ಬಂತು. ಕಾಗದವಲ್ಲ, ದನಿ ಸಂದೇಶ. ನಾನೇ ಒತ್ತಿ ಕೇಳಿಸಿದೆ.

"ನಮಸ್ಕಾರ ಟೀಚರ್. ತಪ್ಪಾಗಿದೆ, ಕ್ಷಮಿಸಿ. ಇವತ್ತೇ ಸರಿ ಮಾಡ್ತೀವಿ. ಈ ದನಿ ಯಾರದ್ದೂ ಅಲ್ಲ, ಹಳೇ ರೆಕಾರ್ಡಿಂಗ್‌ಗಳಿಂದ ಕಂಪ್ಯೂಟರಲ್ಲಿ ತಯಾರು ಮಾಡಿದ್ದು."

ಅದನ್ನು ಹೇಳಿದ್ದೂ ಅತ್ತೆಯ ದನಿಯಲ್ಲೇ. ಅತ್ತೆ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು.

ಹೇಳಿದ ಹಾಗೆ ಸಂಜೆಗೆ ತಪ್ಪು ಹೋಗಿತ್ತು. ಈಗ ಲೆಕ್ಕವೂ ಸರಿ, ದನಿಯೂ ಸರಿ. ಪಟ್ಟಿಯಲ್ಲಿ ಇಡಬೇಕೋ ತೆಗೆಯಬೇಕೋ ಎಂದು ಲೈಬ್ರೇರಿಯನ್ ಕೇಳಿದರು. ಅತ್ತೆ ಸೋಮವಾರದವರೆಗೆ ಟೈಮ್ ಕೇಳಿದರು. ಪಟ್ಟಿಯಲ್ಲೇ ಇರಲಿ ಎಂದು ನಾನು ಅತ್ತೆಯ ಬೆನ್ನು ಹತ್ತಿದೆ. ಕಾರಣ ನಮ್ಮ ಅಜ್ಜಿ.

ಅಜ್ಜಿ ಅತ್ತೆಯ ತಾಯಿ. ಎರಡೂ ಕಣ್ಣು ಕಾಣುವುದಿಲ್ಲ. ಮಗಳಿಗೆ ದನಿಯಿಲ್ಲ, ತಾಯಿ ಸ್ಲೇಟು ಓದಲಾರರು. ಒಂದೇ ಮನೆಯಲ್ಲಿದ್ದೂ ಇಬ್ಬರ ಮಧ್ಯೆ ಮೂರು ವರ್ಷದಿಂದ ನಡೆಯುವುದು ಇಷ್ಟೇ: ಅಜ್ಜಿ ಏನಾದರೂ ಕೇಳುವುದು, ಅತ್ತೆ ಅಂಗೈಯಲ್ಲಿ ಹೌದು ಅಥವಾ ಇಲ್ಲ ಎಂದು ತಟ್ಟುವುದು. ಮಗಳ ದನಿ ಒಂದು ಸಲ ಕೇಳಿ ಸತ್ತರೆ ಸಾಕು ಎಂದು ಅಜ್ಜಿ ಎಷ್ಟು ಸಲ ಹೇಳಿಲ್ಲ. ಫೋನಿನೊಳಗೆ ಆ ದನಿ ಇರುವಾಗ ಬೇಡ ಅನ್ನಲು ಯಾರಿಗೆ ಮನಸ್ಸು ಬರುತ್ತದೆ?

ಭಾನುವಾರ ಮಧ್ಯಾಹ್ನ ಅತ್ತೆ ಅಂಗಡಿಗೆ ಹೋಗಿದ್ದರು. ನಾನು ಫೋನನ್ನು ಅಜ್ಜಿಯ ದಿಂಬಿನ ಪಕ್ಕ ಇಟ್ಟು ಪಾಠ ಹಚ್ಚಿದೆ.

"ಬನ್ನಿ, ಇವತ್ತು ಭಿನ್ನರಾಶಿಗಳನ್ನ ಭಾಗಿಸೋದು ನೋಡೋಣ."

ಅಜ್ಜಿ ಎದ್ದು ಕೂತರು. "ಬಂದ್ಯೇನೇ ಮಗಳೇ? ಗಂಟ್ಲು ವಾಸಿ ಆಯ್ತಾ?"

"ತುಂಬಾ ಸುಲಭ, ಹೆದ್ರಬೇಡಿ."

"ನಾನ್ಯಾಕೆ ಹೆದರ್ಲಿ. ಮೂರು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ಯಲ್ಲ, ನನ್ ಮೇಲೆ ಏನಾದ್ರೂ ಸಿಟ್ಟಿತ್ತಾ?"

"ಈಗ ಎರಡನೇದನ್ನ ತಲೆಕೆಳಗು ಮಾಡೋಣ."

ಅಜ್ಜಿ ನಕ್ಕರು. ಯಾವಾಗಲೂ ಲೆಕ್ಕವೇ ಇವಳಿಗೆ ಎಂದರು. ಅವರು ಕೇಳುತ್ತಾ ಹೋದರು, ಅದು ಹೇಳುತ್ತಾ ಹೋಯಿತು. ಹೊರಗೆ ನಿಂತು ಕೇಳಿದವರಿಗೆ ತಾಯಿ ಮಗಳು ಹರಟುತ್ತಿದ್ದಾರೆ ಎಂದೇ ಅನ್ನಿಸಬೇಕು. ನಾನು ತಲೆ ಎತ್ತಿದರೆ ಬಾಗಿಲಲ್ಲಿ ಅತ್ತೆ. ಕೈಯಲ್ಲಿ ಚೀಲ ಹಾಗೇ ಇದೆ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ತಮ್ಮದೇ ಮನೆಗೆ ತಮಗಿಂತ ಮೊದಲೇ ತಾವು ಬಂದು ಕೂತಿರುವುದನ್ನು ಕಂಡವರ ಹಾಗೆ ನಿಂತಿದ್ದರು.

ಆಗಲೇ ಅಜ್ಜಿಯ ನಗು ನಿಂತಿತು. ಫೋನಿನ ಕಡೆ ಕಿವಿ ಬಗ್ಗಿಸಿದರು. ದನಿ ನಾಲ್ಕನೇ ಉದಾಹರಣೆಯಲ್ಲಿತ್ತು. ಅಜ್ಜಿ ನಿಧಾನವಾಗಿ ಗೋಡೆಯವರೆಗೆ ಹಿಂದೆ ಸರಿದರು.

"ಇವಳು ಉಸಿರೇ ತಗೊಳ್ತಿಲ್ಲ," ಎಂದರು ಬಹಳ ಮೆಲ್ಲಗೆ. "ಯಾರೇ ಇದು? ಆಗ್ನಿಂದ ಮಾತಾಡ್ತಿದೆ, ಒಂದ್ಸಲಾನೂ ಉಸಿರು ಎಳ್ಕೊಂಡಿಲ್ಲ. ಯಾರನ್ನ ಕರ್ಕೊಂಡ್ ಬಂದು ಕೂರಿಸಿದ್ದೀಯ ಇಲ್ಲಿ?"

ಎಷ್ಟು ಸಲ ಕೇಳಿದ್ದೆ, ಗೊತ್ತೇ ಆಗಿರಲಿಲ್ಲ. ಆಮೇಲೆ ಬೇರೇನೂ ಕೇಳಿಸಲಿಲ್ಲ: ಹನ್ನೊಂದು ನಿಮಿಷದ ಮಾತು, ಮಧ್ಯೆ ಎಲ್ಲೂ ಒಂದು ಉಸಿರಿಲ್ಲ.

ಅತ್ತೆ ಚೀಲ ಇಟ್ಟು ಮಂಚದ ಮೇಲೆ ಕೂತರು. ಅಜ್ಜಿಯ ಕೈ ಹಿಡಿದು ತಮ್ಮ ಕತ್ತಿನ ಬಟ್ಟೆಯ ಮುಂದೆ ಇಟ್ಟುಕೊಂಡರು. ಬಿಸಿ ಗಾಳಿ ಬಂತು, ಹೋಯಿತು, ಮತ್ತೆ ಬಂತು. ಅಜ್ಜಿ ಗೋಡೆ ಬಿಟ್ಟು ಅತ್ತೆಯ ಹತ್ತಿರ ಸರಿದರು.

"ಇವಳು ನನ್ನ ಮಗಳು," ಎಂದರು ಅಜ್ಜಿ. "ಅದನ್ನ ತೆಗಿ."

ನನ್ನ ಫೋನಿನಿಂದ ನಾನೇ ಅಳಿಸಿದೆ. ಸೋಮವಾರ ಅತ್ತೆ ಅದನ್ನು ಪಟ್ಟಿಯಿಂದ ತೆಗೆಸಿದರು. ಲೆಕ್ಕ ಸರಿಯಾಗಿದೆಯಲ್ಲ, ಯಾಕೆ ಬೇಡ ಎಂದು ಲೈಬ್ರೇರಿಯನ್ ಕೇಳಿದ್ದಕ್ಕೆ ಸ್ಲೇಟಿನಲ್ಲಿ ಬರೆದರು: "ಟೀಚರ್ ಉಸಿರು ತಗೊಳ್ಳೋವಾಗ್ಲೇ ಮಕ್ಕಳು ಯೋಚ್ನೆ ಮಾಡೋದು." ವಿಡಿಯೊ ಮಾಡಿದವರಿಗೂ ದನಿ ತಮ್ಮದು, ಬಳಸುವುದು ನಿಲ್ಲಿಸಿ ಎಂದು ಬರೆದರು. ಅದಕ್ಕೆ ಉತ್ತರ ಬರಲಿಲ್ಲ. ಆ ಪಾಠ ಮಾತ್ರ ಇಂಟರ್ನೆಟ್ಟಿನಿಂದ ಮಾಯವಾಯಿತು.

ಈಗ ದಿನಾ ಅತ್ತೆ ಲೈಬ್ರರಿಗೆ ಹೊರಡುವ ಮೊದಲು ಅಜ್ಜಿ ಅವರ ಕತ್ತಿನ ಹತ್ತಿರ ಕೈ ಇಟ್ಟು ಸ್ವಲ್ಪ ಹೊತ್ತು ಕೂರುತ್ತಾರೆ. ದನಿಯ ಸುದ್ದಿ ಮತ್ತೆ ಎತ್ತಿಲ್ಲ. ಕಾರ್ಡಿನಲ್ಲಿ ನಾಲ್ಕನೇ ಗೆರೆಗೂ ಜಾಗ ಬಂದಿದೆ. ನಾಲ್ಕನೇ ಸಲ ಅತ್ತೆ ಲೆಕ್ಕ ಕೇಳುವುದಿಲ್ಲ, ಕಣ್ಣು ಮುಚ್ಚಿ ಬರೀ ಉಸಿರು ಹುಡುಕುತ್ತಾರೆ. ಹೋದ ವಾರ ಒಂಬತ್ತು ಹೊಸ ವಿಡಿಯೊ ಬಂದಿದ್ದವು, ಒಂಬತ್ತು ಬೇರೆ ಬೇರೆ ದನಿ. ಅದರಲ್ಲಿ ಆರು ಜನ ಉಸಿರಾಡಲಿಲ್ಲ.