ನಮ್ಮನೆ ಮಣ್ಣು

ಕೆ.ಆರ್. ಪೇಟೆಯ ಅಕ್ಕಸಾಲರ ಬೀದಿಗೆ ಹೋಗಿ ಫರ್ಹತ್ ಮಿಸ್ಸಿನ ಅಂಗನವಾಡಿ ಎಲ್ಲಿ ಅಂತ ಕೇಳಿ ನೋಡಿ. "ಮೊಣಕೈವರ್ಗೂ ಮಣ್ಣು ಮೆತ್ಕೊಂಡಿರೋ ಮಕ್ಕಳು ಯಾವ ಬಾಗ್ಲಿಂದ ಬತ್ತಾವೋ, ಅದೇ ಕಣಪ್ಪಾ" ಅನ್ನುತ್ತಾರೆ. ಅದು ಹೊಗಳಿಕೆಯೋ ಬೈಗುಳವೋ, ಹೇಳಿದವರ ಮುಖ ನೋಡಿಯೇ ತಿಳಿದುಕೊಳ್ಳಬೇಕು.

ಫರ್ಹತ್ ಹುಟ್ಟಿದ್ದು ಶ್ರೀರಂಗಪಟ್ಟಣದಲ್ಲಿ. ಅಪ್ಪ ಹುಸೇನ್ ಸಾಬರು ಪಾತ್ರೆಗೆ ಕಲಾಯಿ ಹಾಕುವವರು. ಬೀದಿ ಬೀದಿ ಸುತ್ತಿ, ಮರದ ನೆರಳಲ್ಲಿ ಗುಂಡಿ ತೋಡಿ, ಇದ್ದಿಲು ಹೊತ್ತಿಸಿ ಕೂತರೆ ತಿದಿ ಒತ್ತುವ ಕೆಲಸ ಮಗಳದ್ದು. ಜೋರಾಗಿ ಒತ್ತಿದರೆ ಎಷ್ಟು ಉರಿ, ಮೆಲ್ಲಗೆ ಒತ್ತಿದರೆ ಎಷ್ಟು ಉರಿ ಅಂತ ಅವಳಿಗೆ ಯಾರೂ ಪಾಠ ಮಾಡಲಿಲ್ಲ, ಕೈಯೇ ಕಲಿಯಿತು. "ಬಾಯಲ್ಲಿ ಕಲ್ತಿದ್ದು ಬಾಯಲ್ಲೇ ಓಯ್ತದೆ ಬೇಟಿ, ಕೈಗೆ ಬಂದಿದ್ದು ಕಡೇವರ್ಗೂ ಇರ್ತದೆ" ಅನ್ನುತ್ತಿದ್ದರು ಸಾಬರು. ಲಗೇಜ್ ಆಟೋ ಓಡಿಸುವ ಜಫರ್‌ನನ್ನು ಮದುವೆಯಾಗಿ ಈ ಊರಿಗೆ ಬಂದು, ಅಂಗನವಾಡಿ ಟೀಚರ್ ಕೆಲಸ ಸಿಕ್ಕಾಗ ಅವಳಿಗೆ ನೆನಪಾದದ್ದು ಆ ಮಾತೇ.

ಹಾಗಾಗಿ ಅವಳ ಕೋಣೆಯಲ್ಲಿ ಮಕ್ಕಳು ಕೈಕಟ್ಟಿ ಕೂರುವುದಿಲ್ಲ. ಅವರೆ, ಹುರುಳಿ, ಕಡಲೆ ಕಲೆಸಿಟ್ಟರೆ ಬೇರೆ ಬೇರೆ ಬಟ್ಟಲಿಗೆ ಆರಿಸಿ ಹಾಕಬೇಕು. ಜೇಡಿಮಣ್ಣಲ್ಲಿ ಮುದ್ದೆ ಕಟ್ಟಬೇಕು. ಗುಂಡಗೆ ಅಂದರೇನು ಅಂತ ನಮ್ಮ ಮಂಡ್ಯ ಕಡೆ ಮಕ್ಕಳಿಗೆ ಮುದ್ದೆಗಿಂತ ಚೆನ್ನಾಗಿ ಇನ್ಯಾವುದು ಹೇಳಿಕೊಟ್ಟೀತು? ಪ್ಲಾಸ್ಟಿಕ್ ಟಬ್ಬಿನ ನೀರಿಗೆ ಎಲೆ, ಕಲ್ಲು, ಹುಣಸೆ ಬೀಜ, ಬಾಟ್ಲಿ ಮುಚ್ಚಳ ಬಿಟ್ಟು ಯಾವುದು ತೇಲಿತು, ಯಾವುದು ಮುಳುಗಿತು ನೋಡಬೇಕು, ತಟ್ಟೆಯಲ್ಲಿ ಮರಳು ನೀರು ತಿರುಗಿಸಿ ಯಾವುದು ತಳದಲ್ಲಿ ಕೂತಿತು ನೋಡಬೇಕು. ಗೋಡೆ ಮೇಲೆ 'ಕೈ ಕೆಸರಾದರೆ ಬಾಯಿ ಮೊಸರು' ಅಂತ ದೊಡ್ಡದಾಗಿ ಬರೆಸಿತ್ತು. ಆದರೆ ಕೈ ಕೆಸರಾದ ದಿನವೆಲ್ಲ ತಾಯಂದಿರು ಜಗಳಕ್ಕೆ ಬರುತ್ತಿದ್ದರು. ಅಲ್ಲ ಸ್ವಾಮಿ, ಗಾದೆ ಗೋಡೆ ಮೇಲಿದ್ದರೆ ಚೆಂದ, ಮಗಳ ಫ್ರಾಕಿನ ಮೇಲೆ ಯಾರಿಗೆ ಬೇಕು!

ಆ ವರ್ಷ ಜಗಳ ನಿಂತಿತು. ನಿಂತದ್ದು ಒಳ್ಳೆಯದಕ್ಕಲ್ಲ. ಮಕ್ಕಳು ಒಂದೊಂದಾಗಿ ಕಾನ್ವೆಂಟಿನ ಹಳದಿ ವ್ಯಾನು ಹತ್ತತೊಡಗಿದ್ದವು. ಇನ್ನು ಮೂರ್ನಾಲ್ಕು ಮಕ್ಕಳು ಕಮ್ಮಿಯಾದರೂ ಕೇಂದ್ರ ಮುಚ್ಚಿ ದೊಡ್ಡ ರಸ್ತೆಯಾಚೆಯ ಕೇಂದ್ರಕ್ಕೆ ಸೇರಿಸುತ್ತೇವೆ ಅಂತ ಮೇಲಿನವರು ಹೇಳಿಬಿಟ್ಟಿದ್ದರು. ಲಾರಿ ನುಗ್ಗುವ ಆ ರಸ್ತೆ ದಾಟಿಸಿ ಯಾವ ತಾಯಿ ಮಗು ಕಳಿಸುತ್ತಾಳೆ? ಫರ್ಹತ್ ದಿನಾ ಬೆಳಿಗ್ಗೆ ಹಾಜರಿ ಪುಸ್ತಕದ ಹೆಸರು ಎಣಿಸತೊಡಗಿದಳು.

ಬೀದಿಗೆ ದೊಡ್ಡವರು ಅಂದರೆ ಅಕ್ಕಸಾಲಿ ನಾಗರಾಜಾಚಾರ್ರು. ಊರಿನ ಅರ್ಧ ಮಕ್ಕಳ ಕಿವಿ ಚುಚ್ಚಿದ ಕೈ ಅವರದು, ಫರ್ಹತ್‌ಳ ಮಗಳ ಕಿವಿಯನ್ನೂ ಸೇರಿಸಿ. ಅವರ ಮೊಮ್ಮಗಳು ಧನುಶ್ರೀ ಇನ್ನೂ ಅಂಗನವಾಡಿಗೇ ಬರುತ್ತಿದ್ದಳು. ಆದರೆ ಅವಳಿಗೂ ಕಾನ್ವೆಂಟಿನ ಯೂನಿಫಾರಂ ಹೊಲಿಸಿಟ್ಟಾಗಿದೆ ಅಂತ ಸಹಾಯಕಿ ನಾಗಲಕ್ಷ್ಮಮ್ಮ ಸುದ್ದಿ ತಂದಳು. "ಆ ಮಗು ಒಂದು ಒಂಟೋದ್ರೆ ಸಾಕು ಕಣವ್ವಾ. ಕುರಿಮಂದೆ ಇದ್ದಂಗೆ ಎಲ್ಲಾ ಇಂದಿಂದೇ ಓಯ್ತವೆ."

ಇಂಥ ಹೊತ್ತಲ್ಲೇ ಫರ್ಹತ್ ಮಣ್ಣಿನ ಪಾಠ ಇಟ್ಟುಕೊಂಡಳು. "ನಾಳೆ ಎಲ್ರೂ ನಿಮ್ಮ್ ನಿಮ್ಮನೆ ಮಣ್ಣು ತರ್ಬೇಕು. ಮುಟ್ಟಿ ನೋಡಣ, ಯಾರ ಮಣ್ಣು ಎಂಗದೆ ಅಂತ" ಅಂದಳು.

ಮಾರನೆ ದಿನ ಅಪ್ಪು ಗದ್ದೆಯ ಕರಿಮಣ್ಣು ತಂದ. ಅಫ್ರೋಜ್ ಅಪ್ಪನ ಗ್ಯಾರೇಜಿನಿಂದ ಆಯಿಲ್ ಕುಡಿದ ಮಣ್ಣು ತಂದು ಎಲ್ಲರೂ ಮೂಗು ಮುಚ್ಚುವ ಹಾಗೆ ಮಾಡಿದ. ಧನುಶ್ರೀ ಎರಡೂ ಕೈಯಲ್ಲಿ ಒಂದು ಹಾಲಿನ ಪುಡಿ ಡಬ್ಬ ಅಪ್ಪಿಕೊಂಡು ಬಂದಳು. ಒಳಗೆ ಬೂದಿ ಬಣ್ಣದ ನುಣ್ಣನೆ ಧೂಳು, ಅಲ್ಲಲ್ಲಿ ಇದ್ದಿಲ ಚೂರು. "ಅರೆ ವಾಹ್, ಎಲ್ಲಕ್ಕಿಂತ ಇದೇ ನಯವಾಗದೆ ಕಣ್ರೋ! ಬರ್ಯೋಕೆ ಇದೇ ಸರಿ" ಅಂದ ಫರ್ಹತ್, ಅದನ್ನು ಹೇಮಾವತಿ ಮರಳಿನ ಜೊತೆ ಕಲೆಸಿ ತಟ್ಟೆಗಳಿಗೆ ಸುರಿದಳು. ಮಕ್ಕಳು ಬೆರಳಿಟ್ಟು 'ರ' ಬರೆದವು, 'ಗ' ಬರೆದವು, ಕೋಳಿ ಬರೆದವು, ಅಳಿಸಿದವು. ಆಮೇಲೆ ಟಬ್ಬಿನಲ್ಲಿ ಕೈ ತೊಳೆದವು. ಆ ನೀರನ್ನು ನಾಗಲಕ್ಷ್ಮಮ್ಮ ದಂಟಿನ ಸೊಪ್ಪಿನ ಪಾತಿಗೆ ಚೆಲ್ಲಿದಳು. ಎಲ್ಲಾ ಸುಸೂತ್ರ.

ಮಧ್ಯಾಹ್ನ ಮಕ್ಕಳು ಮನೆಗೆ ಹೊರಡುವ ಹೊತ್ತಿಗೆ ಆಚಾರ್ರು ಬಂದರು. ಮೈಮೇಲೆ ಅಂಗಿ ಇರಲಿಲ್ಲ. ಬೀದಿಯಲ್ಲಿ ಅವರನ್ನು ಹಾಗೆ ಯಾರೂ ಕಂಡವರಿಲ್ಲ.

"ಏನಮ್ಮಾ ಫರ್ಹತ್ತು, ಇವ್ಳು ಒಂದು ಡಬ್ಬ ತಂದ್ಲಾ?"

"ತಂದ್ಲಲ್ಲ ಆಚಾರ್ರೆ. ಎಂಥ ಮಣ್ಣು ಅಂತೀರಾ..."

"ಮಣ್ಣಲ್ಲ ಕಣಮ್ಮಾ ಅದು! ವರ್ಷದ ಕಸ!"

ಫರ್ಹತ್ ಮರಳಿನ ತಟ್ಟೆಗಳ ಕಡೆ ತಿರುಗಿ ನೋಡಿದಳು. ಅಕ್ಕಸಾಲಿ ಅಂಗಡಿಯ ಕಸವನ್ನು ಯಾರೂ ಆಚೆಗೆ ಎಸೆಯುವುದಿಲ್ಲ, ಅಷ್ಟು ಅವಳಿಗೂ ಗೊತ್ತು. ಅರ ಉಜ್ಜುವಾಗ ಉದುರಿದ ಚಿನ್ನ ಕಣ್ಣಿಗೆ ಕಾಣದ ಹಾಗೆ ಧೂಳಲ್ಲಿ ಸೇರಿರುತ್ತದೆ. ದಿನಾ ಗುಡಿಸಿ, ಡಬ್ಬಕ್ಕೆ ತುಂಬಿಟ್ಟು, ವರ್ಷಕ್ಕೊಮ್ಮೆ ತೊಳೆದು ಕರಗಿಸುತ್ತಾರೆ. ಗೊತ್ತಿಲ್ಲದೆ ಇದ್ದದ್ದು ಇನ್ನೊಂದು. ಆಚಾರ್ರ ಮನೆಯಲ್ಲಿ ಹೆಣ್ಣುಮಗುವಿನ ಕಿವಿಗೆ ಮೊದಲ ಸಲ ಕೊಂಡ ಚಿನ್ನ ಹಾಕುವುದಿಲ್ಲವಂತೆ. ಮನೆಯವರ ಕೈಕೆಲಸದಲ್ಲಿ ಉದುರಿದ ಚಿನ್ನದ್ದೇ ತಂತಿ ಆಗಬೇಕು. ಬರುವ ಭಾನುವಾರ ಧನುಶ್ರೀಗೆ ಕಿವಿ ಚುಚ್ಚುವುದಿತ್ತು.

"ನಮ್ಮಕ್ಕಂಗೂ ಅಂಗೇ ಮಾಡಿದ್ದು, ನನ್ನ ಮಗಳು, ಇವಳವ್ವ ಅರ್ಪಿತಂಗೂ ಅಂಗೇ ಮಾಡಿದ್ದು" ಅಂದರು ಆಚಾರ್ರು. "ನೀನು ಅದರ ಮೇಲೆ ಕೋಳಿ ಬರೆಸಿದ್ಯಲ್ಲಮ್ಮಾ!" ಆಮೇಲೆ ಮೊಮ್ಮಗಳ ಕಡೆ ತಿರುಗಿದರು. "ಯಾಕೆ ಎತ್ಕೊಂಡ್ ಬಂದೆ? ಯಾರ್ ಏಳುದ್ರು ನಿಂಗೆ?"

ಧನುಶ್ರೀ ಅತ್ತೇಬಿಟ್ಟಳು. "ಮಿಸ್ಸು ನಮ್ಮನೆ ಮಣ್ಣು ತರಕ್ಕೇಳುದ್ರು. ಅಪ್ಪುಗಾದ್ರೆ ಗದ್ದೆ ಅದೆ. ನಮ್ಮನೇಲಿ ಇನ್ಯಾವ ಮಣ್ಣಿತ್ತು ತಾತಾ?"

ಆಚಾರ್ರು ಮತ್ತೆ ಫರ್ಹತ್ ಕಡೆಗೇ ತಿರುಗಿದರು. "ನಾಳೆಯಿಂದ ಇವ್ಳು ಇಲ್ಲಿಗೆ ಕಾಲಿಕ್ಕಲ್ಲ. ಸೋಮವಾರ ವ್ಯಾನು ಬತ್ತದೆ, ಅತ್ತುಸ್ತೀನಿ. ಮಣ್ಣಾಟದ ಸ್ಕೂಲು!" ಅಂದು ಮಗುವಿನ ರಟ್ಟೆ ಹಿಡಿದರು.

ಫರ್ಹತ್‌ಗೆ ನಾಚಿಕೆಯೂ ದುಃಖವೂ ಒಟ್ಟಿಗೆ ಉಕ್ಕಿ ಬಂತು. ಕೇಂದ್ರದ ಚಿಂತೆ ಆ ಗಳಿಗೆಯಲ್ಲಿ ಮರೆತೇಹೋಯಿತು. ಆ ಪುಟ್ಟ ಕಿವಿಯೊಂದೇ ಕಣ್ಣಮುಂದೆ. ಅಡ್ಡ ಹೋಗಿ ನಿಂತಳು. "ಆಚಾರ್ರೆ, ನಿಮ್ ಕಾಲಿಗೆ ಬೀಳ್ತೀನಿ. ಮರಳೆಲ್ಲ ಇಲ್ಲೇ ಅದೆ, ಆಚೆಗೆ ಓಗಿಲ್ಲ. ನಾಳೆ ಒಂದ್ ದಿನ ಬನ್ನಿ. ನಾನು, ನನ್ನ ಮಕ್ಕಳು ತೊಳ್ಕೊಡ್ತೀವಿ."

"ಈ ಪಿಳ್ಳೆಗಳಾ? ಆಟ ಅಂದ್ಕೊಂಡಿದ್ದೀಯಾ?"

"ಆಟಾನೇ ಆಚಾರ್ರೆ. ಆದ್ರೆ ದಿನಾ ಆಡೋ ಆಟ."

ಆಚಾರ್ರು ಬಂದರು. ಬರದೆ ಏನು ಮಾಡಿಯಾರು? ಮರಳು ಬೆರೆತ ಕಸವನ್ನು ಹಾಗೇ ಕರಗಿಸಲಾಗದು, ಕುಕ್ಕರುಗಾಲಲ್ಲಿ ಕೂತು ಅಷ್ಟನ್ನೂ ತೊಳೆಯೋಣ ಅಂದರೆ ಅವರ ಮಂಡಿ ಮಡಚುವುದಿಲ್ಲ. ಕಂಕುಳಲ್ಲಿ ಕಸ ತೊಳೆಯುವ ಮರದ ಮರಿಗೆ, ಜೊತೆಗೆ ಧನುಶ್ರೀ, ಮುಖದಲ್ಲಿ ನಗು ಮಾತ್ರ ಇಲ್ಲ. ಕುರ್ಚಿ ಹಾಕಿಸಿಕೊಂಡು ಕೂತು ಹುಕುಂ ಕೊಟ್ಟರು. ಒಂದು ಹನಿ ನೀರೂ ನೆಲಕ್ಕೆ ಬೀಳಕೂಡದು, ಎಲ್ಲವೂ ಟಬ್ಬಿನ ಮೇಲೆಯೇ ಆಗಬೇಕು. ಸೊಪ್ಪಿನ ಪಾತಿಯ ಮೇಲ್ಮಣ್ಣನ್ನೂ ಕೆರೆದು ತರಿಸಿದರು. ತಾನು ಬೆಳೆಸಿದ ದಂಟೆಲ್ಲ ಬುಡಮೇಲಾದದ್ದಕ್ಕೆ ನಾಗಲಕ್ಷ್ಮಮ್ಮ ಗೊಣಗಿದಳು. "ಸೊಪ್ಪು ಓಯ್ತು, ಸಾರೂ ಓಯ್ತು. ಇನ್ನು ಚಿನ್ನಾನೇ ಬೇಯ್ಸಿ ಬಡುಸ್ತೀನಿ ಬುಡಿ."

ಮಕ್ಕಳು ತಟ್ಟೆ ಹಿಡಿದು ಕೂತವು. ಫರ್ಹತ್ ಎಂದಿನ ದನಿಯಲ್ಲೇ ಶುರುಮಾಡಿದಳು. "ನೀರು ತಿರುಗ್ಸಿ, ಮೆಲ್ಲಗೆ. ಯಾವುದು ಓಡೋಯ್ತದೆ?" "ಅಗುರದ್ದು!" ಅಂತ ಕೂಗಿದವು ಮಕ್ಕಳು. "ಯಾವುದು ಕೂತ್ಕತದೆ?" "ಭಾರದ್ದು!" ಅಫ್ರೋಜ್ ಜೋರಾಗಿ ತಿರುಗಿಸಿ ಮೈಯೆಲ್ಲ ನೆನೆಸಿಕೊಂಡ. ಅಪ್ಪು ನಡುವೆಯೇ ಬೇಜಾರಾಗಿ ಎದ್ದು ಹೋದ, ಮತ್ತೆ ಬಂದ. ಆಚಾರ್ರು ಮೊದಮೊದಲು ಬೈದರು, ಆಮೇಲೆ ಗದರಿದರು. ಹೊತ್ತು ಏರುವಷ್ಟರಲ್ಲಿ ಕುರ್ಚಿ ಬಿಟ್ಟಿಳಿದು, ಮಂಡಿ ನೋವನ್ನೂ ಮರೆತು, ಮಕ್ಕಳ ನಡುವೆ ಮಣೆ ಹಾಕಿಕೊಂಡು ಕೂತಿದ್ದರು.

ಧನುಶ್ರೀ ಅಜ್ಜನ ಮರಿಗೆಯನ್ನೇ ಕೇಳಿ ಇಸಕೊಂಡಿದ್ದಳು. ಸ್ವಲ್ಪ ಓರೆ ಮಾಡಿ, ಮಣಿಕಟ್ಟಷ್ಟೇ ತಿರುಗಿಸಿ, ನೀರು ಅಂಚಿಗೆ ಬಂದಾಗ ತಡೆದು, ಮರಳನ್ನು ಮಾತ್ರ ಆಚೆ ಬಿಡುತ್ತಿದ್ದಳು. ಆಚಾರ್ರು ನೋಡುತ್ತಲೇ ಉಳಿದರು. ಆ ಓರೆ ಕೈಗೆ ಹತ್ತಲು ಅವರು ಅಪ್ಪನ ಹತ್ತಿರ ಎಷ್ಟು ಏಟು ತಿಂದಿದ್ದರೋ.

"ಇದನ್ನ ಯಾರೇ ಕಲ್ಸುದ್ರು ನಿಂಗೆ?"

"ಯಾರೂ ಇಲ್ಲ ತಾತ. ದಿನಾ ಟಬ್ಬಲ್ಲಿ ಆಡ್ತೀವಲ್ಲ" ಅಂದಿತು ಮಗು, ತಲೆ ಎತ್ತದೆ.

ಆಚಾರ್ರು ಮರಿಗೆಯ ತಳದಲ್ಲಿ ಉಳಿದ ಕಪ್ಪು ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು, ಮೊಮ್ಮಗಳ ಕೈ ಹಿಡಿದು ಎದ್ದರು. "ಎಷ್ಟು ಬತ್ತದೆ ಆಚಾರ್ರೆ? ಕಿವಿಗೆ ಸಾಲ್ತದಾ?" ಅಂತ ಫರ್ಹತ್ ಬಾಗಿಲವರೆಗೂ ಹಿಂದೆ ಹೋದಳು. "ಮೂಸೇಲಿಟ್ಟು ಕರಗ್ಸಿದ್ಮೇಲೆ ತಾನೆ ಗೊತ್ತಾಗದು" ಅಂದಷ್ಟೇ ಉತ್ತರ. ವ್ಯಾನಿನ ಮಾತು ಅವರೂ ಎತ್ತಲಿಲ್ಲ, ಇವಳಿಗೂ ಕೇಳುವ ಧೈರ್ಯ ಬರಲಿಲ್ಲ.

ಭಾನುವಾರ ಆಚಾರ್ರ ಮನೆಯಿಂದ ಎಳ್ಳುಂಡೆ ಬಂತು, ಮಾತು ಬರಲಿಲ್ಲ. ಜಫರ್ ಒಂದು ಉಂಡೆ ಬಾಯಿಗೆ ಹಾಕಿಕೊಂಡು, "ಉಂಡೆ ಕಳ್ಸವ್ರೆ ಅಂದ್ರೆ ಕೋಪ ಇಳ್ದದೆ ಬುಡು" ಅಂದ. "ಕೋಪ ಇಳುದ್ರೆ ಯೂನಿಫಾರಂ ಅರ್ದೋಯ್ತದಾ?" ಅಂದಳು ಫರ್ಹತ್. ತನ್ನ ಉಂಡೆಯನ್ನು ಮಗಳ ಕೈಗೆ ಇಟ್ಟಳು.

ಸೋಮವಾರ ಬೆಳಿಗ್ಗೆ ಕೇಂದ್ರದ ಬಾಗಿಲು ತೆರೆದು ಟಬ್ಬಿಗೆ ನೀರು ತುಂಬಿಸುತ್ತಿದ್ದಳು. ವ್ಯಾನು ಬೀದಿಗೆ ತಿರುಗಿತು. ಹೊಸ್ತಿಲುಗಳ ಮೇಲೆ ತಾಯಂದಿರು ನಿಂತಿದ್ದರು. ಬೀದಿ ಕೊನೆಯ ಮನೆಯ ಚೈತ್ರ ಮಗನ ಹೆಗಲಿಗೆ ಹೊಸ ಬ್ಯಾಗು ಹಾಕಿ, ಆಚಾರ್ರ ಮನೆ ಕಡೆಗೇ ನೋಡುತ್ತಿದ್ದಳು. ಆ ಮನೆಯ ಬಾಗಿಲು ತೆರೆಯಿತು. ಆಚಾರ್ರ ಕೈ ಹಿಡಿದು ಧನುಶ್ರೀ ಇಳಿದಳು. ನೀಲಿ ಯೂನಿಫಾರಂ, ಬಿಳಿ ಸಾಕ್ಸು, ಕೊರಳಿಗೆ ಕೆಂಪು ಟೈ. ಕೆಂಪಾದ ಕಿವಿಗಳಲ್ಲಿ ಕೂದಲೆಳೆಯಷ್ಟು ತೆಳ್ಳನೆ ಚಿನ್ನದ ತಂತಿ.

ಸಾಲಿತಲ್ಲ, ಅಷ್ಟು ಸಾಕು ಅಂದುಕೊಂಡಳು ಫರ್ಹತ್. ಕಣ್ಣು ತುಂಬಿಕೊಂಡಿತು. ನೋಡಲಾರದೆ ಟಬ್ಬಿನ ಕಡೆ ತಿರುಗಿ ಬಗ್ಗಿ ನಿಂತಳು.

ವ್ಯಾನು ನಿಂತು ಹಾರನ್ ಹೊಡೆಯಿತು. "ಓಗಪ್ಪಾ, ಓಗು, ನಮ್ಮನೆಯಿಂದ ಯಾರೂ ಬರಲ್ಲ" ಅಂತ ಆಚಾರ್ರ ದನಿ ಕೇಳಿಸಿತು. ಬೀದಿಗೆಲ್ಲ ಕೇಳಿಸುವ ಹಾಗೆ ಜೋರಾಗಿಯೇ ಹೇಳಿದ್ದರು. ಚಪ್ಪಲಿ ಸದ್ದು ಹತ್ತಿರ ಬಂದು ಬಾಗಿಲಲ್ಲಿ ನಿಂತಿತು.

"ಒಲ್ಸಿದ ಬಟ್ಟೆ, ದಂಡ ಯಾಕೆ ಮಾಡದು ಅಂತ ಆಕ್ಕೊಂಡ್ ಬಂದ್ಲು. ಮಣ್ಣಾಗ್ತದೆ ಅಂತ ನೀನೇನೂ ನೋಡ್ಬೇಡ ಕಣಮ್ಮ" ಅಂದರು ಆಚಾರ್ರು. "ಒಗ್ಯಕ್ಕೆ ಮುಂಚೆ ಮಾತ್ರ ನಂಗೊಂದ್ಸಲ ತೋರ್ಸು. ನಿನ್ನ ಸ್ಕೂಲ್ ಮಣ್ಣು ನಂಬಂಗಿಲ್ಲ."

ಫರ್ಹತ್‌ಗೆ ಅಳುವೂ ನಗುವೂ ಒಟ್ಟಿಗೇ ಬಂತು. ಬೀದಿಯ ಕೊನೆಯಲ್ಲಿ ಚೈತ್ರ ಮಗನ ಹೆಗಲಿಂದ ಬ್ಯಾಗು ಇಳಿಸುತ್ತಿದ್ದಳು. ಅಷ್ಟರಲ್ಲಿ ಧನುಶ್ರೀ ಅಜ್ಜನ ಕೈ ಕೊಡವಿಕೊಂಡು ಒಳಗೆ ಓಡಿ, ಟಬ್ಬಿನ ಮೇಲೆ ಬಗ್ಗಿಯೇಬಿಟ್ಟಿದ್ದಳು.

"ಮಿಸ್, ಮಿಸ್, ನೋಡಿ," ಅಂತ ಕೂಗಿದಳು, "ಟೈ ತೇಲ್ತದೆ!"