ಮೆತ್ತಗಾಗುತ್ತ ಹೋದ ಮುದ್ದೆ

"ಮುದ್ದೆ ನುಂಗೋಕೆ ಯಾವಾಗಿನಿಂದ ಕಷ್ಟ ಆಗ್ತಿದೆ?" ಎಂದು ಚಾಮರಾಜನಗರದ ಆಸ್ಪತ್ರೆಯಲ್ಲಿ ಆ ಚಿಕ್ಕ ವಯಸ್ಸಿನ ಡಾಕ್ಟರು ಅಪ್ಪನನ್ನು ಕೇಳಿದರು. ಉತ್ತರ ಕೊಟ್ಟವಳು ಅವ್ವ.

"ಯುಗಾದಿಯಿಂದ ಕಣಪ್ಪ. ಗಟ್ಟಿ ಮಾಡ್ಬುಟ್ಟಿದ್ದೀಯ ಅಂತ ನನ್ನೇ ಬಯ್ಯೋರು. ನಾನೂ ದಿನಾ ವಸಿ ವಸಿ ಮೆತ್ತಗೆ ಮಾಡ್ಕಂಡು ಬಂದೆ. ಈಗ ಅಂಬಲಿನೂ ಇಳಿಯಕಿಲ್ಲ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಅವ್ವನ ಮುಖ ನೋಡಿದರು.

ಅಪ್ಪನಿಗೆ ಎದೆಯುರಿ ಹೊಸದೇನಲ್ಲ. ಹರವೆ ಊರಿನ ನಮ್ಮ ಮನೆಯಲ್ಲಿ ಉಂಡು ಮಲಗಿದರೆ ಸಾಕು, ಹುಳಿ ನೀರು ಗಂಟಲಿಗೆ ಬರುತ್ತಿತ್ತು. ಎದ್ದು ಕೂತು ಅಂಗಡಿಯಿಂದ ತಂದ ಗ್ಯಾಸ್ ಮಾತ್ರೆ ಚೀಪುತ್ತಿದ್ದರು. ಅಷ್ಟು ವರ್ಷ ನಾವು ಯಾರೂ ಅದನ್ನು ಕಾಯಿಲೆ ಎಂದುಕೊಳ್ಳಲಿಲ್ಲ. ಗಂಟಲೊಳಗೆ ಕೊಳವೆ ಇಳಿಸಿ ನೋಡಿದಾಗ ಅನ್ನನಾಳದಲ್ಲಿ ಗಡ್ಡೆ ಬೆಳೆದಿತ್ತು. ಆ ಹುಳಿಯೇ ಒಳಗೆ ವರ್ಷಗಟ್ಟಲೆ ಗಾಯ ಮಾಡುತ್ತಾ ಬಂದು ಹೀಗಾಗಿದೆ ಎಂದರು ಡಾಕ್ಟರು. ಅಗಿಯದೆ ನುಂಗುವ ಮುದ್ದೆ ತಿಂಗಳುಗಟ್ಟಲೆ ಹೇಳುತ್ತಲೇ ಇತ್ತು. ನಾವು ಮುದ್ದೆಯನ್ನೇ ತಿದ್ದುತ್ತಾ ಕೂತೆವು. "ಎಸರು ಜಾಸ್ತಿ ಇಡವ್ವ" ಎಂದು ಬುದ್ಧಿ ಹೇಳಿದ ಮಗಳು ನಾನೇ.

ನಾಲ್ಕು ತಿಂಗಳಿಗೆ ಅಪ್ಪ ತೀರಿಕೊಂಡರು. ತಿಥಿಯ ದಿನ ಎಡೆಗೆಂದು ಅವ್ವ ಯಾರಿಗೂ ಬಿಡದೆ ತಾನೇ ಮುದ್ದೆ ಕಟ್ಟಿದಳು, ಮೊದಲಿನ ಹಾಗೆ ಗಟ್ಟಿಯಾಗಿ. ಅಪ್ಪನ ಫೋಟೊ ಮುಂದೆ ಇಟ್ಟು ಮೆಲ್ಲಗೆ ಹೇಳಿದಳು: "ಉಣ್ಣಿ, ಇನ್ನು ಗಂಟ್ಲಲ್ಲಿ ನಿಲ್ಲಕಿಲ್ಲ."