ಹದಿನೇಳನೆಯ ಉಂಗುರ

ವಿಚಿತ್ರ ಅನುಭವ ಹೇಳಿಕೊಳ್ಳುವವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಈಗಲೂ ಉರಿಯುತ್ತದೆ. ಆದರೂ ಇದನ್ನು ಹೇಳಲೇಬೇಕು. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಆಗ ನಾನು ಪುಣೆಯಲ್ಲಿ ಖಗೋಳ ಸಂಶೋಧನೆ ಮಾಡುತ್ತಿದ್ದೆ. ನಕ್ಷತ್ರಗಳು ಅವಸರದಲ್ಲಿ ಹುಟ್ಟಿ ಅವಸರದಲ್ಲೇ ಸಿಡಿಯುವ ಒಂದು ಗ್ಯಾಲಕ್ಸಿ ನಮ್ಮ ಪಾಲಿಗೆ ಬಂದಿತ್ತು. ಸಿಡಿದ ಒಂದೊಂದು ನಕ್ಷತ್ರದ ಅವಶೇಷವೂ ರೇಡಿಯೋ ಚಿತ್ರದಲ್ಲಿ ಉಂಗುರದ ಹಾಗೆ ಕಾಣುತ್ತದೆ, ವರ್ಷ ಕಳೆದಂತೆ ಹಿಗ್ಗುತ್ತದೆ. ಅದರ ಅಗಲವನ್ನು ಇಬ್ಬರು ಬೇರೆಬೇರೆಯಾಗಿ ಅಳೆದು, ಲಕೋಟೆ ಅಂಟಿಸಿ ನಮ್ಮ ಮಾರ್ಗದರ್ಶಕರಾದ ಸರ್ ಕೈಗೆ ಕೊಡಬೇಕು. ಇಬ್ಬರ ಅಂಕಿಗಳಲ್ಲಿ ಕೂದಲೆಳೆಯಷ್ಟಾದರೂ ವ್ಯತ್ಯಾಸ ಬಂದೇ ಬರುತ್ತದೆ. ಬರದಿದ್ದರೆ ಯಾರೋ ಕದ್ದಿದ್ದಾರೆಂದೇ ಅರ್ಥ.

ಅಳೆಯುವವರಲ್ಲಿ ಒಬ್ಬ ನಾನು, ಇನ್ನೊಬ್ಬಳು ವಿಜಯಪುರದ ರೇಣುಕಾ. ನನಗೂ ಅವಳಿಗೂ ಎಣ್ಣೆ ಸೀಗೆಕಾಯಿ. ನನ್ನ ತಪ್ಪು ಹುಡುಕುವುದೇ ಅವಳಿಗೆ ಕೆಲಸವಾಗಿತ್ತು.

ಆ ಸಲ ಅವಳು ಸೋಮವಾರವೇ ಲಕೋಟೆ ಕೊಟ್ಟಳು. ಸರ್ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ನನ್ನದೂ ಮುಗಿದಿದೆಯೆಂದು ಹಿಂದಿನ ವಾರವೇ ಅವರಿಗೆ ಸುಳ್ಳು ಹೇಳಿದ್ದೆ. ಆದರೆ ಹದಿನೇಳನೆಯ ಉಂಗುರ ತೀರಾ ಮಸುಕು, ಎಷ್ಟು ತಿಣುಕಿದರೂ ಅಂಚು ಸಿಗಲಿಲ್ಲ. ಬುಧವಾರ ಸ್ವಾರಗೇಟ್ ಬಸ್ ನಿಲ್ದಾಣದಿಂದ ಬಂದ ಬಸ್ಸಿನ ಟಿಕೆಟ್ ಜೇಬಿನಲ್ಲಿತ್ತು. ಅದರ ಕೊನೆಯ ನಾಲ್ಕು ಅಂಕಿಗಳನ್ನು, ಆಮೇಲೆ ತಿದ್ದಿದರಾಯಿತೆಂದು, ಅಳತೆಯ ಜಾಗದಲ್ಲಿ ಬರೆದೆ. ತಿದ್ದಲು ಮರೆತು ಗುರುವಾರ ಲಕೋಟೆ ಕೊಟ್ಟೆ.

ಶುಕ್ರವಾರ ಮಧ್ಯಾಹ್ನ ಸರ್ ಎರಡನ್ನೂ ಒಡೆದರು. ಉಳಿದ ಉಂಗುರಗಳಲ್ಲಿ ಎಂದಿನಂತೆ ಅಷ್ಟಿಷ್ಟು ವ್ಯತ್ಯಾಸ. ಹದಿನೇಳನೆಯದರಲ್ಲಿ ಮಾತ್ರ ಇಬ್ಬರ ನಾಲ್ಕೂ ಅಂಕಿ ಒಂದೇ.

ನನ್ನ ಅಳತೆ ಹಿಂದಿನ ವಾರವೇ ಮುಗಿದಿತ್ತೆಂದು ನಂಬಿದ್ದ ಸರ್, ರೇಣುಕಾ ನನ್ನ ಕಂಪ್ಯೂಟರಿನಲ್ಲಿ ಇಣುಕಿದ್ದಾಳೆಂದು ಮರಾಠಿಯಲ್ಲಿ ಕೂಗಾಡಿದರು. ಅವಳು ನನ್ನ ಕಡೆ ತಿರುಗಿದಳು. "ಅದು ಭಾಳ ಮಸಕ ಇತ್ರಿ. ಮೂರು ದಿನ ಕುಂತು ಅಳತಿ ಮಾಡೇನಿ. ನೀವು ಹೆಂಗ ಮಾಡಿದ್ರಿ, ಅಷ್ಟ ಹೇಳ್ರಿ."

"ನಿಮ್ಮ ಹಾಗೇ ಕಣ್ರೀ," ಎಂದೆ.

ಅವಳ ಲಕೋಟೆ ಬೀಗದೊಳಗೆ ಸೇರಿದ ಎರಡು ದಿನಕ್ಕೆ ಕಂಡಕ್ಟರ್ ಹರಿದುಕೊಟ್ಟ ಟಿಕೆಟ್ ಅದು. ತೋರಿಸಿದ್ದರೆ ಅವಳು ಕಳ್ಳಿಯಲ್ಲವೆಂದು ಅಲ್ಲೇ ಗೊತ್ತಾಗುತ್ತಿತ್ತು, ನನ್ನ ಪಿಎಚ್‌ಡಿಯೂ ಅಲ್ಲೇ ಮುಗಿಯುತ್ತಿತ್ತು. ಹೆದರಿ ಬಾಯಿಮುಚ್ಚಿಕೊಂಡೆ. ಅವಳನ್ನು ಕೆಲಸದಿಂದ ಬಿಡಿಸಿದರು. ಪದವಿಯಿಲ್ಲದೆ ಪುಣೆ ಬಿಟ್ಟು ಹೋದಳು.

ಕಾಕತಾಳೀಯ ಎನ್ನುತ್ತೀರಿ. ನಾನೂ ವರ್ಷಗಟ್ಟಲೆ ಹಾಗೇ ಅಂದುಕೊಂಡೆ, ಮನಸ್ಸು ಒಪ್ಪಲಿಲ್ಲ. ಅವಳ ಮೇಲಿನ ಸಿಟ್ಟೂ ಇಳಿದಿಲ್ಲ. ಅನ್ಯಾಯ ಮಾಡಿದವನು ನಾನೇ ಆಗಿದ್ದೂ ಯಾಕೆ ಇಳಿದಿಲ್ಲವೋ ತಿಳಿಯದು.

ಟಿಕೆಟ್ಟಿನ ಶಾಯಿ ಮಾಸುತ್ತಿದೆ. ಆ ನಾಲ್ಕರಲ್ಲಿ ಮೊದಲ ಎರಡು ಅಂಕಿ ಆಗಲೇ ಹೋದವು. ಅವಳ ವಿಳಾಸ ನನಗೆ ಗೊತ್ತು, ಇನ್ನೂ ಕಳಿಸಿಲ್ಲ.